ಭಾನುವಾರದ ರಜೆ ಬಂದ ಬಗೆ

19ನೇ ಶತಮಾನದ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಬೆಳಕು ಹರಿಯುತ್ತಲೇ ಯಂತ್ರ ತಿರುಗಿದರೆ ನಿಲ್ಲುತ್ತಿದ್ದುದು ಹೊತ್ತು ಮುಳುಗಿದ ಮೇಲೆಯೇ. 1881ರ ಕಾರ್ಖಾನೆ ಕಾಯ್ದೆ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು, ಅದೂ ಮಕ್ಕಳಿಗೆ ಮಾತ್ರ.

ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುತ್ತಿರಲಿಲ್ಲ. ಗಿರಣಿಯಾಳಿಗೆ ಆ ಭಾಗ್ಯವೂ ಇರಲಿಲ್ಲ.

ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಲ್ಲಿ ಪಳಗಿದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾರ್ಮಿಕರ ಸಭೆ ಸೇರಿಸಿ ಬೇಡಿಕೆ ಮುಂದಿಟ್ಟರು: ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಕೇಳಿದ್ದು ಭಾನುವಾರವನ್ನೇ, ಅದು ಖಂಡೋಬನ, ಅಂದರೆ ನಮ್ಮ ಮೈಲಾರಲಿಂಗನ ವಾರ. 1890ರ ಏಪ್ರಿಲ್‌ನಲ್ಲಿ ಸುಮಾರು 10,000 ಮಂದಿ ಸೇರಿದ ಸಭೆಯಲ್ಲಿ ಇಬ್ಬರು ಹೆಣ್ಣಾಳುಗಳೂ ಎದ್ದು ಮಾತಾಡಿದರು.

ಮಾಲೀಕರು ಮಣಿದದ್ದು ಅದೇ ವರ್ಷ ಜೂನ್ 10ರಂದು. 1891ರ ಕಾಯ್ದೆ ವಾರದ ರಜೆಗೆ ಸರ್ಕಾರದ ಮುದ್ರೆ ಒತ್ತಿತು.