ಎಲುಬು ಮತ್ತು ಚರ್ಮ: ಅಸ್ಥಿಭಂಗ ಚಿಕಿತ್ಸೆಯ ಚರಿತ್ರೆಯತ್ತ ಒಂದು ನೋಟ

ಮುರಿದ ಎಲುಬಿಗೆ ತಾನಾಗಿಯೇ ಕೂಡಿಕೊಳ್ಳುವ ಶಕ್ತಿಯಿದೆ. ಮುರಿದ ತುದಿಗಳ ನಡುವೆ ಹೆಪ್ಪುಗಟ್ಟಿದ ರಕ್ತದಲ್ಲಿ ಮೊದಲು ಮೃದುವಾದ ಅಂಗಾಂಶ ಬೆಳೆಯುತ್ತದೆ. ಅದು ಕ್ರಮೇಣ ಗಟ್ಟಿಯಾಗಿ ಹೊಸ ಎಲುಬಾಗುತ್ತದೆ. ತುದಿಗಳನ್ನು ನೇರವಾಗಿ ಹೊಂದಿಸಿ, ಅಲುಗದಂತೆ ಹಿಡಿದಿಡುವುದಷ್ಟೇ ವೈದ್ಯನ ಪಾಲಿನ ಕೆಲಸ. ಇಷ್ಟು ಸರಳವಾದ ತತ್ತ್ವದ ಮೇಲೆ ನಿಂತ ವಿದ್ಯೆಯು ಶತಮಾನಗಳ ಕಾಲ ಕೆಲವು ರೋಗಿಗಳಲ್ಲಿ ಪೂರ್ಣ ಜಯವನ್ನೂ ಇನ್ನು ಕೆಲವರಲ್ಲಿ ದಾರುಣ ಸೋಲನ್ನೂ ಕಂಡಿತು. ಈ ವ್ಯತ್ಯಾಸದ ಕಾರಣ ಎಲುಬಿನ ಮೇಲಿನ ಚರ್ಮದಲ್ಲಿದೆ. ಚರ್ಮ ಅಖಂಡವಾಗಿದ್ದರೆ ಹಳ್ಳಿಯ ಕಟ್ಟುವೈದ್ಯನೂ ಗೆಲ್ಲುತ್ತಿದ್ದನು. ಚರ್ಮ ಹರಿದು ಎಲುಬು ಹೊರಗಿಣುಕಿದರೆ ಅರಮನೆಯ ವೈದ್ಯನೂ ಸೋಲುತ್ತಿದ್ದನು.

ನಮ್ಮ ಪ್ರಾಚೀನರು ಇದನ್ನು ಅರಿತಿದ್ದರು. ಸುಶ್ರುತ ಸಂಹಿತೆಯು ಕೀಲು ತಪ್ಪುವುದರಲ್ಲಿ 6 ಬಗೆಗಳನ್ನೂ ಎಲುಬು ಮುರಿಯುವುದರಲ್ಲಿ 12 ಬಗೆಗಳನ್ನೂ ಹೇಳುತ್ತದೆ. ಅತ್ತಿ, ಅರಳಿ, ಆಲ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಗಳಾಗಿ ಬಳಸುವಂತೆ ವಿಧಿಸುತ್ತದೆ. ಕಟ್ಟು ಸಡಿಲವಾದರೆ ಕೀಲು ಸ್ಥಿರಗೊಳ್ಳದು, ಬಿಗಿಯಾದರೆ ಚರ್ಮಾದಿಗಳು ಬಾತು, ನೊಂದು, ಕೀವಾಗುವವು. ಆದ್ದರಿಂದ ಮಧ್ಯಮ ಬಿಗಿಯೇ ಲೇಸೆಂದು ಎಚ್ಚರಿಸುತ್ತದೆ. ಕಟ್ಟನ್ನು ತಂಪು ಋತುವಿನಲ್ಲಿ 7 ದಿನಗಳಿಗೊಮ್ಮೆ, ಸಾಧಾರಣ ಋತುವಿನಲ್ಲಿ 5 ದಿನಗಳಿಗೊಮ್ಮೆ, ಬೇಸಿಗೆಯಲ್ಲಿ 3 ದಿನಗಳಿಗೊಮ್ಮೆ ಬಿಚ್ಚಿ ಕಟ್ಟಬೇಕೆಂಬ ನಿಯಮದ ಹಿಂದೆ ಇರುವುದೂ ಚರ್ಮದ ಚಿಂತೆಯೇ. ಗಾಯಸಹಿತವಾದ ಭಂಗಕ್ಕೆ ತುಪ್ಪ, ಜೇನು, ಕಷಾಯಗಳ ಉಪಚಾರವನ್ನು ಹೇಳಿ, ಭಂಗವು ಕೀವುಗಟ್ಟದಂತೆ ವೈದ್ಯನು ಯತ್ನಿಸಬೇಕೆಂದು ಆ ಗ್ರಂಥವು ಒತ್ತಿ ನುಡಿಯುತ್ತದೆ. ಆದರೆ ಕೀವಿಗೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಾಣುವ ಸಾಧನ ಆ ಕಾಲಕ್ಕೆ ಇರಲಿಲ್ಲ.

ಚರ್ಮವನ್ನು ಮರಳಿ ಕಟ್ಟುವ ವಿದ್ಯೆಯೂ ಈ ನೆಲದಲ್ಲಿ ಬಹುಕಾಲ ಉಳಿದಿತ್ತು. ಕನ್ನಡ ನಾಡಿಗೂ ಮಹಾರಾಷ್ಟ್ರಕ್ಕೂ ಸಂಬಂಧಿಸಿದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬವನು 1792ರ ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಬದುಕಿದ ಆತನಿಗೆ ಪುಣೆಯ ಸಮೀಪ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಹೊಸ ಮೂಗನ್ನು ಕಟ್ಟಿಕೊಟ್ಟನು. ಮೇಣದ ತೆಳು ಹಾಳೆಯಿಂದ ಅಳತೆ ತೆಗೆದು, ಹಣೆಯ ಚರ್ಮವನ್ನು ಆ ಆಕಾರಕ್ಕೆ ಬಿಡಿಸಿ, ಹುಬ್ಬುಗಳ ನಡುವೆ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿ, ಚರ್ಮವನ್ನು ಕೆಳಕ್ಕೆ ತಿರುಗಿಸಿ ಕೂರಿಸಲಾಯಿತು. ಹೊಸ ಸ್ಥಾನದಲ್ಲಿ ಬೇರೂರುವವರೆಗೆ ಚರ್ಮಕ್ಕೆ ರಕ್ತವನ್ನು ಹರಿಸಿದುದು ಆ ಪಟ್ಟಿಯೇ. ಪುಣೆಯಲ್ಲಿದ್ದ ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಈ ಚಿಕಿತ್ಸೆಯ ವಿವರ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ಕ್ರಮವನ್ನು ಅನುಸರಿಸಿ, 1816ರಲ್ಲಿ ಅದರ ಕುರಿತು ಗ್ರಂಥವನ್ನು ಪ್ರಕಟಿಸಿದನು. ರಕ್ತ ಹರಿಯುವ ಚರ್ಮ ಮಾತ್ರ ಬದುಕುತ್ತದೆ ಎಂಬ ಆ ಪಾಠವು ಮುಂದೆ ಎಲುಬಿನ ಚಿಕಿತ್ಸೆಗೂ ಒದಗಿತು.

ಆದರೆ ತೆರೆದ ಅಸ್ಥಿಭಂಗವೆಂದರೆ ಯುರೋಪಿನಲ್ಲಿ 19ನೆಯ ಶತಮಾನದ ನಡುವಿನವರೆಗೂ ಅಂಗಚ್ಛೇದವೇ ಸಾಮಾನ್ಯ ವಿಧಿಯಾಗಿತ್ತು. ಹಾಗೆ ಕತ್ತರಿಸಿಕೊಂಡವರಲ್ಲಿಯೂ ಅನೇಕರು ಗಾಯ ಕೊಳೆತು ಸಾಯುತ್ತಿದ್ದರು. ಪಾಸ್ಚರನ ಸಂಶೋಧನೆಗಳನ್ನು ಓದಿದ ಜೋಸೆಫ್ ಲಿಸ್ಟರನು, ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ತರ್ಕಿಸಿದನು. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಗೆ ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಬಾಲಕನನ್ನು ತರಲಾಯಿತು. ಗಾಡಿಯ ಚಕ್ರ ಹರಿದು ಅವನ ಕಾಲಿನ ಎಲುಬು ಮುರಿದಿತ್ತು, ಚರ್ಮವೂ ಹರಿದಿತ್ತು. ಲಿಸ್ಟರನು ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು, ಕಾಲಿಗೆ ದಬ್ಬೆ ಕಟ್ಟಿದನು. ಕೀವಾಗಲಿಲ್ಲ, ಸುಮಾರು ಆರು ವಾರಗಳಲ್ಲಿ ಎಲುಬು ಕೂಡಿತು, ಕಾಲು ಉಳಿಯಿತು. ಈ ಕ್ರಮಕ್ಕೆ ಮೊದಲಿನ ಎರಡು ವರ್ಷಗಳ ಲೆಕ್ಕದಲ್ಲಿ ಅವನ ವಾರ್ಡಿನ 35 ಅಂಗಚ್ಛೇದಗಳಲ್ಲಿ 16 ಜನ ಸತ್ತಿದ್ದರೆ, 1867ರಿಂದ 1869ರವರೆಗಿನ 40ರಲ್ಲಿ ಸತ್ತವರು 6 ಜನ ಮಾತ್ರ.

ದಬ್ಬೆಯ ವಿದ್ಯೆಗೆ ಹೊಸ ರೂಪ ಕೊಟ್ಟವರಲ್ಲಿ ಒಬ್ಬನು ಕಟ್ಟುವೈದ್ಯರ ಮನೆತನದಿಂದಲೇ ಬಂದವನೆಂಬುದು ಗಮನಾರ್ಹ. ಹ್ಯೂ ಓವೆನ್ ಥಾಮಸ್ ವೇಲ್ಸ್ ಸೀಮೆಯ ಆಂಗಲ್ಸಿ ದ್ವೀಪದವನು. ತಂದೆ ಪರವಾನಗಿಯಿಲ್ಲದ ಎಲುಬು ಕಟ್ಟುವವನು. ಮಗನಾದರೋ ವೈದ್ಯಪದವಿ ಪಡೆದು ಲಿವರ್‌ಪೂಲಿನಲ್ಲಿ ನೆಲೆಸಿದನು, ಮನೆತನದ ಕೈಚಳಕವನ್ನು ಶಾಸ್ತ್ರದೊಡನೆ ಬೆಸೆದನು. ಅವನು ರೂಪಿಸಿದ ಕಬ್ಬಿಣದ ದಬ್ಬೆಯನ್ನು ಶಿಷ್ಯನೂ ಪತ್ನಿಯ ಕಡೆಯ ಬಂಧುವೂ ಆದ ರಾಬರ್ಟ್ ಜೋನ್ಸ್ ಮೊದಲ ಮಹಾಯುದ್ಧದಲ್ಲಿ ಬಳಕೆಗೆ ತಂದನು. ತೊಡೆಯೆಲುಬಿಗೆ ಗುಂಡು ತಗುಲಿದ ಸಹಸ್ರಾರು ಸೈನಿಕರು ಅದರಿಂದ ಬದುಕುಳಿದರು.

ಎಲುಬಿನ ಗತಿ ಚರ್ಮಾದಿಗಳ ಕೈಯಲ್ಲಿದೆಯೆಂಬ ಅರಿವು 20ನೆಯ ಶತಮಾನದಲ್ಲಿ ಅಳತೆಗೋಲಾಗಿ ಬೆಳೆಯಿತು. 1976ರಲ್ಲಿ ಗಸ್ಟಿಲೊ ಮತ್ತು ಆಂಡರ್ಸನ್ ಎಂಬ ಅಮೆರಿಕದ ವೈದ್ಯರು ತೆರೆದ ಭಂಗಗಳನ್ನು ಗಾಯವು 1 ಸೆಂಟಿಮೀಟರಿಗಿಂತ ಕಿರಿದೋ ಹಿರಿದೋ, ಸುತ್ತಲ ಮಾಂಸ ಎಷ್ಟು ಜಜ್ಜಿದೆ ಎಂಬುದರ ಮೇಲೆ ಮೂರು ವರ್ಗಗಳಾಗಿ ವಿಂಗಡಿಸಿದರು. ನೀಲಗಿರಿ, ತಾಳವಾಡಿಗಳ ಕನ್ನಡಿಗರಿಗೆ ದೂರವಲ್ಲದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು 2006ರಲ್ಲಿ ಪ್ರಕಟಿಸಿದ ಅಂಕಪದ್ಧತಿಯು ಚರ್ಮ, ಎಲುಬು, ಸ್ನಾಯು-ನರ ಈ ಮೂರಕ್ಕೂ ಪ್ರತ್ಯೇಕವಾಗಿ 1ರಿಂದ 5 ಅಂಕಗಳನ್ನು ಕೊಟ್ಟು, ಕಾಲನ್ನು ಉಳಿಸಬಹುದೇ ಎಂಬುದನ್ನು ನಿರ್ಧರಿಸಲು ನೆರವಾಗುತ್ತದೆ. ಎಲುಬಿನ ತಜ್ಞನೂ ಚರ್ಮ ಜೋಡಿಸುವ ತಜ್ಞನೂ ಮೊದಲ ದಿನವೇ ಒಟ್ಟಾಗಿ ಗಾಯವನ್ನು ನೋಡಬೇಕೆಂಬುದು ಇಂದಿನ ಚಿಕಿತ್ಸೆಯ ಸಾರ.

ಈ ಚರಿತ್ರೆ ಗಡಿನಾಡಿನ ನಮಗೆ ಬರಿಯ ಓದಿನ ವಿಷಯವಲ್ಲ. ತಿರುಪತಿಯ ಸಮೀಪದ ಪುತ್ತೂರು ಕಟ್ಟಿನ ಹೆಸರು ರಾಯದುರ್ಗ, ಮಡಕಶಿರಾ, ಹೊಸೂರು ಕಡೆಯವರಿಗೆ ಹೊಸದಲ್ಲ. ಊರೂರಲ್ಲೂ ನಾಟಿ ವೈದ್ಯರಿದ್ದಾರೆ. ಅವರ ಪರಂಪರೆಯನ್ನು ಹಳಿಯುವುದು ಕೃತಘ್ನತೆ. ಆದರೆ ಚರ್ಮ ಹರಿದ ಭಂಗವು ಆ ವಿದ್ಯೆಯ ಎಲ್ಲೆಯ ಹೊರಗಿನದು. ಅಂಥ ಗಾಯಕ್ಕೆ ಅರಿಶಿನ, ಬೂದಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು; ಹೊರಬಂದ ಎಲುಬನ್ನು ಒಳಗೆ ತಳ್ಳಬಾರದು. ಶುಭ್ರವಾದ ಬಟ್ಟೆಯಿಂದ ಮುಚ್ಚಿ, ರಕ್ತ ಸುರಿಯುತ್ತಿದ್ದರೆ ಗಾಯದ ಮೇಲೆ ಒತ್ತಿ ಹಿಡಿದು, ಅಂಗ ಅಲುಗದಂತೆ ದಬ್ಬೆಯಿಟ್ಟು, ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಚರ್ಮ ಹರಿಯದ ಭಂಗದಲ್ಲಿಯೂ, ಯಾರೇ ಕಟ್ಟಿದ ಕಟ್ಟಾಗಲಿ, ಬೆರಳು ತಣ್ಣಗಾದರೆ, ಬಿಳಿಚಿದರೆ, ಮರಗಟ್ಟಿದರೆ, ನೋವು ತಡೆಯಲಾರದಷ್ಟು ಏರಿದರೆ ಕಟ್ಟನ್ನು ತಡಮಾಡದೆ ಸಡಿಲಿಸಿ ವೈದ್ಯರಿಗೆ ತೋರಿಸಬೇಕು. ರಕ್ತವಿಲ್ಲದ ಮಾಂಸಖಂಡ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಆಮೇಲೆ ಅಂಗವನ್ನೇ ಕತ್ತರಿಸಬೇಕಾದೀತು.

ಗಡಿನಾಡಿನ ಆಸ್ಪತ್ರೆಗಳಲ್ಲಿ ಸೂಚನಾಫಲಕಗಳು ಬಹುಮಟ್ಟಿಗೆ ಅನ್ಯಭಾಷೆಯಲ್ಲಿವೆ. ಈ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮನೆಮನೆಗೂ ಮುಟ್ಟಿಸುವುದು ನಮ್ಮ ಸಂಘಗಳಿಗೆ ಅಸಾಧ್ಯವಾದ ಕೆಲಸವೇನಲ್ಲ. ಸುಶ್ರುತನ ಎಚ್ಚರವೂ ಲಿಸ್ಟರನ ಅರಿವೂ ತಾಯ್ನುಡಿಯಲ್ಲಿ ಹಳ್ಳಿಯ ಜಗಲಿಗೆ ತಲುಪಿದರೆ, ಭಾಷೆಯ ಸೇವೆಯೊಡನೆ ಒಂದೆರಡು ಕೈಕಾಲುಗಳೂ ಉಳಿದಾವು.