ಸೆರೆಯ ಬೆಲೆ, ಹೊರಗಿನವರ ಪಾಲು

ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವಾಗ ನ್ಯಾಯಾಧೀಶರು ಅಪರಾಧ ಎಷ್ಟು ಘೋರ ಎಂಬುದನ್ನು ನೋಡುತ್ತಾರೆ, ಅಪರಾಧಿಯ ವಯಸ್ಸು, ಹಿಂದಿನ ನಡತೆ ನೋಡುತ್ತಾರೆ. ಆ ಸೆರೆಯಿಂದ ಬೊಕ್ಕಸಕ್ಕೆ ಬೀಳುವ ಖರ್ಚು, ಮನೆಗಾಗುವ ನಷ್ಟ ತೀರ್ಪಿನಲ್ಲಿ ಬರುವುದು ಅಪರೂಪ. ಅಮೆರಿಕದ ಮಿಸೌರಿ ರಾಜ್ಯ 2010ರಲ್ಲಿ ಬೊಕ್ಕಸದ ಖರ್ಚನ್ನು ನೇರವಾಗಿ ನ್ಯಾಯಾಧೀಶರ ಮುಂದಿಟ್ಟು ನೋಡಿತು. ಒಂದು ಬಗೆಯ ದರೋಡೆಗೆ ಐದು ವರ್ಷದ ಬಿಗಿ ನಿಗಾ ಆದರೆ 9,000 ಡಾಲರಿಗಿಂತ ಕಡಿಮೆ, ಅದಕ್ಕೆ ಸಮನಾದ ಸೆರೆ ಮತ್ತು ಬಿಡುಗಡೆಯ ನಂತರದ ನಿಗಾಕ್ಕೆ 50,000ಕ್ಕೂ ಹೆಚ್ಚು ಎಂಬಂಥ ಅಂದಾಜು ಅವರಿಗೆ ಸಿಗತೊಡಗಿತು. ಸಂತ್ರಸ್ತರ ನಷ್ಟ ಈ ಲೆಕ್ಕದಲ್ಲೇ ಇಲ್ಲ ಎಂದು ಪ್ರಾಸಿಕ್ಯೂಟರುಗಳು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿದೆ.

ನಮ್ಮ ಕಾನೂನು ಹಣದ ಲೆಕ್ಕಕ್ಕೆ ಹೋಗಲಿಲ್ಲ, ಮನುಷ್ಯನ ಸ್ಥಿತಿಗತಿ ಕೇಳಿತು. 21 ವರ್ಷದೊಳಗಿನವರನ್ನು, ಜೀವಾವಧಿ ಶಿಕ್ಷೆಗೆ ಅವಕಾಶವಿಲ್ಲದ ಅಪರಾಧಕ್ಕೆ ಜೈಲಿಗೆ ಕಳಿಸುವ ಮುನ್ನ ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು, ಕಳಿಸಿದರೆ ಕಾರಣ ಬರೆಯಬೇಕು ಎಂದಿತು 1958ರ ಪ್ರೊಬೇಷನ್ ಕಾಯ್ದೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಶಿಕ್ಷೆಯ ಪ್ರಮಾಣದ ಬಗ್ಗೆಯೇ ಪ್ರತ್ಯೇಕ ವಿಚಾರಣೆ ತಂದಿತು. ಅದನ್ನು ಕೈಬಿಟ್ಟಿದ್ದಕ್ಕೆ 1976ರ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರಣದಂಡನೆಯನ್ನು ರದ್ದುಮಾಡಿ, ಶಿಕ್ಷೆಯ ಬಗ್ಗೆ ಮತ್ತೆ ಕೇಳಿ ಎಂದು ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಮರುವರ್ಷ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಪರಾಧಿಯ ಸುಧಾರಣೆಯನ್ನೇ ಶಿಕ್ಷೆಯ ನಡುಮಧ್ಯಕ್ಕೆ ತಂದರು.

ಆಮೇಲೆ ಗಾಳಿ ತಿರುಗಿತು. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾದವರು 14 ವರ್ಷ ಒಳಗಿರಲೇಬೇಕು ಎಂಬ ನಿಯಮ 1978ರಲ್ಲಿ ಬಂತು. 2008ರಲ್ಲಿ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆಯನ್ನೂ ಸುಪ್ರೀಂ ಕೋರ್ಟ್ ವಿಧಿಸಿತು.

ಮನೆಯ ನಷ್ಟಕ್ಕೆ ಕಿವಿಗೊಟ್ಟದ್ದು ಪೆರೋಲ್. 2024ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟ್, ಕನಕಪುರ ತಾಲ್ಲೂಕಿನ ಕೈದಿಯೊಬ್ಬನಿಗೆ ಅಪ್ಪನ ಜಮೀನಿನಲ್ಲಿ ಬೇಸಾಯ ಮಾಡಲು 90 ದಿನ ಪೆರೋಲ್ ಕೊಟ್ಟಿತು. ಹನ್ನೊಂದು ವರ್ಷ ಒಳಗಿದ್ದ ಆತನ ಮನೆಯಲ್ಲಿ ಉಳುಮೆ ನೋಡಿಕೊಳ್ಳುವ ಗಂಡಾಳು ಇರಲಿಲ್ಲ.

ಹಾಸನ ಸೀಮೆಯವರಿಗೆ ಈ ಆದೇಶದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟ ನಾಲ್ಕು ದಿನ ತಡವಾದರೆ ತಡೆದುಕೊಳ್ಳುತ್ತದೆ. ಅರಕಲಗೂಡು, ರಾಮನಾಥಪುರ ಕಡೆಯ ಹೊಗೆಸೊಪ್ಪು ತಡೆಯುವುದಿಲ್ಲ. ಬ್ಯಾರನ್‌ಗೆ ಒಣಗಿಸಲು ಸೊಪ್ಪು ಏರಿಸಿದ ಮೇಲೆ ದಿನಗಟ್ಟಲೆ ಹಗಲುರಾತ್ರಿ ಉರಿ ಕಾಯಬೇಕು. ಶಾಖ ಹೆಚ್ಚುಕಡಿಮೆಯಾದರೆ ಎಲೆಯ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬಿದ್ದುಹೋಗುತ್ತದೆ. ಉರಿ ಕಾಯುವವನು ಮೈಸೂರಿನ ಕೇಂದ್ರ ಕಾರಾಗೃಹದಲ್ಲಿದ್ದರೆ ಆ ಕೆಲಸ ಹೆಂಡತಿಯ ಮೇಲೋ ವಯಸ್ಸಾದ ತಂದೆಯ ಮೇಲೋ ಬೀಳುತ್ತದೆ, ಇಲ್ಲವೇ ಕೂಲಿ ಕೊಟ್ಟು ಆಳು ಇಡಬೇಕು. ಅವನನ್ನು ನೋಡಿಬರಲು ಹೊಳೆನರಸೀಪುರದವರಿಗೆ ಮೈಸೂರಿನ ರೈಲಾದರೂ ಇದೆ. ಅರಕಲಗೂಡಿನವರಿಗೆ ಬಸ್ಸೇ ಗತಿ, ಆ ದಿನದ ಕೂಲಿ ಹೋಯಿತು.

ಪೆರೋಲ್ ಅರ್ಜಿ ಹಾಕಿದರೆ ಠಾಣೆಯ ವರದಿ ಬೇಕು. ಊರಿನ ಶಾಂತಿಗೆ ಧಕ್ಕೆಯಾದೀತೇ, ಸಂತ್ರಸ್ತರ ಮನೆಯವರು ಏನನ್ನುತ್ತಾರೆ ಎಂದು ಪೊಲೀಸರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳವು. ಈ ಮನೆಗೆ ದುಡಿದು ಹಾಕುವವರು ಯಾರು ಎಂಬುದೂ ಅದೇ ವರದಿಯಲ್ಲಿ ಬರಬೇಕು ಎಂಬುದು ನನ್ನ ವಾದ. ಇನ್ನೊಂದು ಕಡೆ, 2023ರ ಗೋವಾ ಪ್ರಕರಣವೊಂದರಲ್ಲಿ, ಅವಧಿಪೂರ್ವ ಬಿಡುಗಡೆಯ 14 ವರ್ಷದ ಲೆಕ್ಕಕ್ಕೆ ಪೆರೋಲ್ ದಿನಗಳು ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಬಿತ್ತನೆಗೆಂದು ಊರಿಗೆ ಬಂದವನು ಆ ದಿನಗಳನ್ನು ಮತ್ತೆ ಒಳಗೆ ಕಳೆಯಬೇಕು.

2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಗಳು ಎರಡು ಬಾಗಿಲು ತೆರೆದಿವೆ. ಹಿಂದೆ ಯಾವ ಅಪರಾಧಕ್ಕೂ ದೋಷಿಯಾಗಿರದ ವಿಚಾರಣಾಧೀನ ಕೈದಿ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಾಂಡ್ ಮೇಲೆ ಹೊರಬರಬಹುದು; ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಮೊದಲ ಕಳ್ಳತನಕ್ಕೆ, ಮಾಲು ಹಿಂತಿರುಗಿಸಿದರೆ, ಸಮುದಾಯ ಸೇವೆಯೇ ಶಿಕ್ಷೆ. ಇಂಥ ಪ್ರಕರಣಗಳು ಬರುವುದು ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳಿಗೇ. ಹಾಗಾಗಿ ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಆ ಸೇವೆ ಆಸ್ಪತ್ರೆಯಲ್ಲಿ ನಡೆಯಬೇಕೇ, ಪುರಸಭೆಯಲ್ಲೇ, ಹಾಜರಿ ಬರೆದುಕೊಳ್ಳುವವರು ಯಾರು ಎಂಬುದು ಆದೇಶ ಬರೆಯುವ ಮೊದಲೇ ನ್ಯಾಯಾಧೀಶರ ಮೇಜಿನ ಮೇಲಿರಬೇಕು.