ಗೂಡು ಇಳಿಸಲೇಬೇಕಾದ ಊರು

ಶಿಡ್ಲಘಟ್ಟಕ್ಕೆ ನದಿಯಿಲ್ಲ, ಬಂದರಿಲ್ಲ. 1910ರ ದಶಕದಲ್ಲಿ ಬಂದ ನ್ಯಾರೋಗೇಜ್ ರೈಲೂ ಓಡಿದ್ದಕ್ಕಿಂತ ತೆವಳಿದ್ದೇ ಹೆಚ್ಚು. ಆದರೂ ರೇಷ್ಮೆ ಗೂಡಿನ ಪೇಟೆ ಅಂದರೆ ರಾಮನಗರದ ಜೊತೆಗೇ ಬರುವ ಹೆಸರು ನಮ್ಮದು. ಟಿಪ್ಪು ಬಂಗಾಳದಿಂದ ಮೊಟ್ಟೆ ತರಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಹುಳ ಸಾಕಿದ ಊರೆಲ್ಲ ಪೇಟೆಯಾಗಲಿಲ್ಲವಲ್ಲ. ಚಿಂತಾಮಣಿಯಲ್ಲಿ ಹುಡುಗರಿಗೆ ಚರಿತ್ರೆ ಪಾಠ ಹೇಳಿ, ಮಿಕ್ಕ ಹೊತ್ತು ಎರಡು ಎಕರೆ ಹಿಪ್ಪುನೇರಳೆ ನೋಡಿಕೊಂಡ ನನಗೆ ಈ ಊರು ಅರ್ಥವಾದದ್ದು ಜರ್ಮನಿಯ ಕಲೋನ್ ನಗರದ ಇತಿಹಾಸ ಓದಿದ ಮೇಲೆ.

ಕಲೋನ್ ಇರುವುದು ರೈನ್ ನದಿಯ ದಡದಲ್ಲಿ. 1259ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಕೊನ್ರಾಡ್ ಒಂದು ಕಟ್ಟಳೆ ಮಾಡಿದ. ನದಿಯಲ್ಲಿ ಹಾದುಹೋಗುವ ವರ್ತಕ ಸರಕನ್ನು ಕಲೋನಿನಲ್ಲಿ ಇಳಿಸಬೇಕು, ಮೂರು ದಿನ ಊರಿನವರ ಮುಂದೆ ಮಾರಾಟಕ್ಕೆ ಇಡಬೇಕು. ಊರು ಕೊಬ್ಬಿತು. ಈ ಹಕ್ಕು ಪೂರ್ತಿ ರದ್ದಾಗಿದ್ದು 1831ರಲ್ಲಿ.

ನಮ್ಮಲ್ಲಿ ಇಂಥ ಕಟ್ಟಳೆ ಬಂದದ್ದು 1959ರ ಕಾಯ್ದೆಯಿಂದ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ, ಹರಾಜಿನಲ್ಲೇ ಮಾರಬೇಕು. ಅದನ್ನು ಕೊಂಡು ನೂಲು ಬಿಚ್ಚುವ ರೀಲರ್‌ಗೆ ಲೈಸೆನ್ಸ್ ಇರಬೇಕು. ಎರಡೂ ಕಡೆ ಬಲವಂತವೇ. ಆದರೆ ಕಲೋನಿನ ಬಲವಂತ ಕೊಳ್ಳುವವನ ಪರ, ನಮ್ಮದು ಮಾರುವವನ ಪರ. ಈ ವ್ಯತ್ಯಾಸ ತಿಳಿಯಬೇಕಾದರೆ ಹುಳ ಸಾಕಿರಬೇಕು. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸುತ್ತೇವೆ. ಇನ್ನೊಂದು ವಾರ ಸುಮ್ಮನಿದ್ದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಆಚೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ಉದ್ದ ಎಳೆ ಸಿಗುವುದಿಲ್ಲ. ರಾಗಿಯನ್ನಾದರೆ ಬೆಲೆ ಬರುವ ತನಕ ಕಣಜದಲ್ಲಿ ಇಟ್ಟುಕೊಳ್ಳಬಹುದು, ಗೂಡನ್ನು ಇಡಲಾಗದು. ಮುಂಗಡ ಕೊಟ್ಟು ಮನೆ ಬಾಗಿಲಿಗೆ ಬರುವ ದಲ್ಲಾಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವನು ಹೇಳಿದ್ದೇ ತೂಕ, ಅವನು ಹೇಳಿದ್ದೇ ಬೆಲೆ. ಮಾರುಕಟ್ಟೆಯಲ್ಲಿ ಲಾಟಿನ ಸುತ್ತ ಹತ್ತು ಜನ ರೀಲರ್‌ಗಳು ನಿಂತು ಗೂಡು ಅಮುಕಿ ನೋಡಿ ಪೈಪೋಟಿಯಲ್ಲಿ ಕೂಗಿದರೆ ಮಾತೇ ಬೇರೆ. ಈಗ ಕೂಗೂ ಇಲ್ಲ, ಮೊಬೈಲಿನಲ್ಲಿ ಬಿಡ್ ಒತ್ತುತ್ತಾರೆ. ಆ ಗದ್ದಲ ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ.

ಆದರೆ ಕಟ್ಟಳೆ ಕಾಯುವುದು ಮಾರುಕಟ್ಟೆಯ ಕಾಂಪೌಂಡಿನ ಒಳಗೆ ಮಾತ್ರ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು. ಕೊಳವೆಬಾವಿಗೆ ಸಾಲ ಮಾಡಿ ತೋಟ ಕಟ್ಟಿದವರ ಪಾಡು ಕೇಳುವುದೇ ಬೇಡ.

ಕಲೋನಿನಲ್ಲೂ ರೇಷ್ಮೆ ಕಸುಬಿತ್ತು. ಹುಳ ಸಾಕುತ್ತಿರಲಿಲ್ಲ, ಕಚ್ಚಾ ರೇಷ್ಮೆ ಇಟಲಿಯಿಂದ ಬರುತ್ತಿತ್ತು. ಅದನ್ನು ನೂಲು, ಬಟ್ಟೆ ಮಾಡುತ್ತಿದ್ದವರು ಹೆಂಗಸರು. 1437ರಲ್ಲಿ ನಗರಸಭೆ ಅವರ ಸಂಘಕ್ಕೆ ಸನ್ನದು ಕೊಟ್ಟಿತು. ಕಸುಬು ಕಲಿಯುವ ಹುಡುಗಿಯರು ನಾಲ್ಕು ವರ್ಷ ಗುರುವಿನ ಮನೆಯಲ್ಲಿರಬೇಕು. ಆ ಗುರುವೂ ಹೆಂಗಸೇ. ಗಂಡಂದಿರಲ್ಲಿ ಹಲವರು ರೇಷ್ಮೆ ವರ್ತಕರಾದ್ದರಿಂದ ದುಡ್ಡಿನ ಚೀಲ ಅವರ ಕೈಯಲ್ಲೇ ಇತ್ತೆನ್ನಿ. ಆದರೂ ಕಸುಬು ಹೆಂಗಸರದು ಎಂದು ಬರಹದಲ್ಲಿತ್ತು.

ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಮನೆಗಳಲ್ಲಿ, ಅವು ಬಹುಪಾಲು ಮುಸ್ಲಿಂ ಕುಟುಂಬಗಳವು, ಬಿಸಿನೀರಿಗೆ ಕೈ ಅದ್ದಿ ಎಳೆ ಹುಡುಕುವವರಲ್ಲಿ ಹೆಂಗಸರೇ ಹೆಚ್ಚು. ಬೆರಳ ತುದಿ ಬೆಂದು ಸುಕ್ಕುಗಟ್ಟಿರುತ್ತದೆ. ಬೇಯಿಸಿದ ಹುಳದ ವಾಸನೆ ಸೀರೆ ಒಗೆದರೂ ಹೋಗುವುದಿಲ್ಲ ಎನ್ನುತ್ತಾರೆ. ಗೂಡು ಮಾರಲು ಹೋದಾಗಲೆಲ್ಲ ನಾನು ಸುತ್ತ ನೋಡುತ್ತೇನೆ. ಬಿಡ್ ಒತ್ತುವವರೆಲ್ಲ ಹೆಚ್ಚುಕಮ್ಮಿ ಗಂಡಸರೇ.